ಎರಡು ಸ್ವರಗಳ ನಡುವಿನ ತಲೆನೋವು

ಸ್ಯಾಂಪಲ್, ಅಂದರೆ ರೆಕಾರ್ಡ್ ಮಾಡಿದ ದನಿಯ ತುಣುಕುಗಳನ್ನು ಜೋಡಿಸಿ, ಕೀಬೋರ್ಡಿನಲ್ಲಿ ಪಿಟೀಲಿನ ಒಂದೊಂದೇ ಸ್ವರ ನುಡಿಸುವುದು ಸುಲಭ. ಜೀವ ಹಿಂಡುವುದು ಲೆಗಾಟೋ, ಅಂದರೆ ಒಂದು ಸ್ವರ ಇನ್ನೊಂದಕ್ಕೆ ಕಡಿಯದೆ ಸೇರುವ ಜಾಗ. ಮೂರು ಆಕ್ಟೇವ್ (ಒಂದಕ್ಕೆ 12 ಸ್ವರ), ಒಟ್ಟು 36 ಸ್ವರ ಅಂತಿಟ್ಟುಕೊಳ್ಳಿ. ಪ್ರತಿ ಸ್ವರದಿಂದ ಮೇಲಕ್ಕೆ 12, ಕೆಳಕ್ಕೆ 12 ಮೆಟ್ಟಿಲವರೆಗಿನ ಜಾರಿಕೆಗಳನ್ನು ಆ 36ರೊಳಗೇ ರೆಕಾರ್ಡ್ ಮಾಡಿದರೂ ತುಣುಕುಗಳ ಸಂಖ್ಯೆ 700 ದಾಟುತ್ತದೆ! ಅದೂ ಮೆಲ್ಲಗೆ ನುಡಿಸಿದ್ದು ಮಾತ್ರ. ಜೋರಿನದಕ್ಕೆ ಮತ್ತೆ ಅಷ್ಟೇ.

ಹೋಗಲಿ, ಎಲ್ಲ ಕತ್ತರಿಸಿ ಸ್ಯಾಂಪ್ಲರ್‌ಗೆ, ಅಂದರೆ ಕೀ ಒತ್ತಿದಾಗ ಆ ತುಣುಕು ನುಡಿಸುವ ಸಾಧನಕ್ಕೆ, ಹಾಕಿದ್ದಾಯಿತು. ಕ್ರಾಸ್‌ಫೇಡ್ (ಒಂದು ತುಣುಕು ಕುಗ್ಗುತ್ತಾ ಮುಂದಿನದು ಏರುವ ಜಾಗ) ಉದ್ದ ಮಾಡಿದರೆ ಎರಡು ಪಿಟೀಲು ಒಟ್ಟಿಗೆ ನುಡಿದಂತೆ ಕೇಳುತ್ತದೆ. ಗಿಡ್ಡ ಮಾಡಿದರೆ ಟಿಕ್ ಅನ್ನುತ್ತದೆ. ಫೇಸ್, ಅಂದರೆ ಎರಡು ತುಣುಕುಗಳ ದನಿ ಅಲೆಗಳ ಏರಿಳಿತ, ಹೊಂದದಿದ್ದರಂತೂ ನಡುವೆ ದನಿಯೇ ಸೊರಗುತ್ತದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬರಿಸುವುದು ತಡ. ಹೊಸ ಸ್ವರ ತಲುಪಲು ಕೆಲವೊಮ್ಮೆ 100 ಮಿಲಿಸೆಕೆಂಡಿಗೂ ಹೆಚ್ಚು ಬೇಕು. ಕೀ ಒತ್ತಿದ್ದು ತಾಳಕ್ಕೆ ಸರಿಯಾಗಿ, ಕೇಳಿಸುವುದು ಹಿಂದೆ. ಆಮೇಲೆ ಒಂದೊಂದೇ ಮಿಡಿ ನೋಟನ್ನು (ಒತ್ತಿದ ಕೀ ಕಂಪ್ಯೂಟರ್ ಪರದೆಯಲ್ಲಿ ಮೂಡಿಸುವ ಗುರುತು) ಎಡಕ್ಕೆ, ಅಂದರೆ ತುಸು ಮುಂಚಿತಕ್ಕೆ, ಎಳೆಯುತ್ತಾ ಕೂರಬೇಕು. ನಿಧಾನದ ಜಾರಿಕೆಗೆ ಒಂದು ಅಳತೆ, ಚುರುಕಿನದಕ್ಕೆ ಇನ್ನೊಂದು. ಎಲ್ಲಕ್ಕೂ ಒಂದೇ ಅಳತೆ ಹಾಕಿ ಮುಗಿಸೋಣ ಅಂದರೆ ಆಗುವುದಿಲ್ಲ. ಇಷ್ಟೆಲ್ಲ ಮಾಡಿದ ಮೇಲೆ ಯಾರೋ ಬಂದು "ಕೀಬೋರ್ಡ್ ಥರಾನೇ ಇದೆ ಅಲ್ವಾ?" ಅಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ?