ಸತ್ಯಾಂಶ: ‘ನಿರ್ಬಂಧ’ ಅಂದರೆ ಬಂಧನವಿಲ್ಲದ್ದು ಅಲ್ಲ

‘ನಿರ್ಭಯ ಅಂದರೆ ಭಯ ಇಲ್ಲದ್ದು. ಹಾಗಾದರೆ ನಿರ್ಬಂಧ ಅಂದರೆ ಬಂಧನ ಇಲ್ಲದ್ದು, ನಾವೆಲ್ಲ ತಪ್ಪಾಗಿ ಬಳಸುತ್ತಿದ್ದೇವೆ’ ಎಂಬ ಸಂದೇಶ ಹರಿದಾಡುತ್ತಿದೆ. ಕೇಳಲು ಸರಿಯೆನಿಸುತ್ತದೆ, ಅಲ್ವಾ? ಆದರೆ ಸರಿಯಲ್ಲ.

ಸಂಸ್ಕೃತದ ‘ನಿರ್’ಗೆ ‘ಇಲ್ಲ’ ಎಂಬುದೊಂದೇ ಅರ್ಥವಲ್ಲ. ನಿರ್ಮಾಣ, ನಿರ್ಣಯ, ನಿರ್ದೇಶನ ನೋಡಿ. ಇವುಗಳಲ್ಲಿ ಯಾವುದು ‘ಇಲ್ಲ’?

ಸಂಸ್ಕೃತದಲ್ಲಿ ನಿರ್ಬಂಧ ಅಂದರೆ ಪಟ್ಟು, ಒತ್ತಾಯ. ತಮಿಳು, ತೆಲುಗಿನಲ್ಲಿ ಇವತ್ತಿಗೂ ಬಲವಂತದ ಅರ್ಥವಿದೆ. ಕನ್ನಡದಲ್ಲೂ ‘ನಿರ್ಬಂಧ ಮಾಡಿದರು’ ಎಂಬುದಕ್ಕೆ ಒತ್ತಾಯಿಸಿದರು ಎಂಬ ಅರ್ಥವೂ ಇದೆ. ಕಟ್ಟುಪಾಡು ಎಂಬ ಅರ್ಥ ಈಗ ಜಾಸ್ತಿ ಬಳಕೆಯಲ್ಲಿದೆ, ಅಷ್ಟೆ.

ಇನ್ನೊಂದು ಗೊಂದಲ: ನಿರ್ಬಂಧವೇ ನಿಷೇಧವಲ್ಲ. ರಸ್ತೆಯಲ್ಲಿ ಲಾರಿ ಓಡಲೇಬಾರದು ಎಂದರೆ ನಿಷೇಧ. ರಾತ್ರಿ ಮಾತ್ರ ಓಡಬಹುದು ಎಂದರೆ ನಿರ್ಬಂಧ.