ಕಾಡಿಗೆ ಗೆಳೆಯರು ಬಂದರು

ಮೊನ್ನೆ ಶಿರಸಿಯಲ್ಲಿ ಒಂದು ಸಮಾರಂಭಕ್ಕೆ ಹೋಗಿದ್ದೆ. ಒಂದು ಕಾಡಿಗೂ ಒಂದು ಸೇವಾ ಸಂಸ್ಥೆಗೂ ಒಡಂಬಡಿಕೆ. ಸಂಸ್ಥೆಯ ಸ್ವಯಂಸೇವಕರು ಇನ್ನು ಮುಂದೆ ಕಾಡಿನ ಗೆಳೆಯರು. ಇಬ್ಬರ ಹೆಸರೂ ಬೇಡ ಬಿಡಿ. ಹಾಕಿದ ಸಹಿ ಎರಡು, ತೆಗೆದ ಫೋಟೊ ಇಪ್ಪತ್ತೆರಡು. ಕಾಡಿನ ಪರವಾಗಿ ವೇದಿಕೆಯ ಮೇಲೆ ಎರಡು ಕ್ರೋಟನ್ ಕುಂಡ ಹಾಜರಿದ್ದವು.

ಅಧ್ಯಕ್ಷರು ಅಂಶಿ ಕಾಡಿನ ಜಾತಕ ಓದಿದರು. 1987ರಲ್ಲಿ ರಾಷ್ಟ್ರೀಯ ಉದ್ಯಾನ, 2007ರಲ್ಲಿ ದಾಂಡೇಲಿ ಜೊತೆ ಸೇರಿ ಹುಲಿ ಮೀಸಲು, 2015ರಲ್ಲಿ ಕಾಳಿ ಅಂತ ಹೆಸರು. ಈ ಒಡಂಬಡಿಕೆ ಆ ಕಾಡಿನದ್ದೇ ಅಲ್ಲ. ಆದರೂ ಭಾಷಣಕ್ಕೆ ಒಂದು ಹುಲಿ ಬೇಕಲ್ವಾ?

ಗೆಳೆಯರ ಮೊದಲ ಕೆಲಸ ಬೀಜದುಂಡೆ ಎಸೆಯುವುದಂತೆ. ಅದೂ ದಟ್ಟ ಕಾಡಿನೊಳಗೆ! ಉಪ್ಪು ಬೆಳೆಯುವ ಸಾಣಿಕಟ್ಟೆಗೇ ಉಪ್ಪು ಹೊತ್ತ ಹಾಗಾಯಿತು. ಮಂಗಟ್ಟೆ ಹಕ್ಕಿ ಹಣ್ಣು ತಿಂದು ದಿನಾ ಅದೇ ಕೆಲಸ ಮಾಡುತ್ತದೆ. ಪಾಪ, ಅದಕ್ಕೆ ಟೀ ಶರ್ಟ್ ಕೊಟ್ಟವರಿಲ್ಲ.

1983ರಲ್ಲಿ ಇದೇ ತಾಲ್ಲೂಕಿನ ಸಾಲ್ಕಣಿಯವರು ಕೊಡಲಿಗೆ ಅಡ್ಡ ನಿಂತು ಮರ ಅಪ್ಪಿಕೊಂಡಿದ್ದರು. ಯಾವ ಕಡೆಯಿಂದ ಅಪ್ಪಿದರೆ ಫೋಟೊದಲ್ಲಿ ಮುಖ ಚೆನ್ನಾಗಿ ಕಾಣುತ್ತದೆ ಅಂತ ಅವತ್ತು ಯಾರೂ ಕೇಳಿರಲಿಕ್ಕಿಲ್ಲ.

ಮುಖ್ಯ ಅತಿಥಿಗಳು ಸೀದಾ ಅಮೆರಿಕಕ್ಕೇ ಹೋದರು. "ಅಲ್ಲಿ 1970ರಲ್ಲೇ ಉದ್ಯಾನಗಳ ಸ್ವಯಂಸೇವಕರಿಗೆ ಅಂತ ಕಾನೂನು ಬಂತು!" ಚಪ್ಪಾಳೆ. ಅಷ್ಟು ಹೇಳಿ ಕೂತರು. ಉಳಿದರ್ಧ ನಾನು ಹೇಳುತ್ತೇನೆ. ಸ್ವಯಂಸೇವಕರಿಗೆ ಓಡಾಟದ, ಊಟದ, ವಸತಿಯ ಖರ್ಚು ಕೊಡಬಹುದು ಅನ್ನುತ್ತದೆ ಆ ಕಾನೂನು. ಅಪಾಯದ ಕೆಲಸಕ್ಕೆ, ಅದರಲ್ಲಿ ನುರಿತವರನ್ನು ಬಿಟ್ಟು, ಉಳಿದವರನ್ನು ಹಚ್ಚುವಂತಿಲ್ಲ. ಸ್ವಯಂಸೇವಕರನ್ನು ತೋರಿಸಿ ನೌಕರರ ಕೆಲಸ ಕಿತ್ತುಕೊಳ್ಳುವಂತೆಯೂ ಇಲ್ಲ.

ಕೊನೇ ಸಾಲಿನಲ್ಲಿ ಕಾಡು ಕಾಯುವ, ನಮ್ಮೂರ ಕಡೆಯ ವಾಚರ್ ಕೂತಿದ್ದ. ಖುರ್ಚಿ ಜೋಡಿಸಲು ಕರೆಸಿದ್ದರು. ದಿನಗೂಲಿಯವ. ಮಾರ್ಚಿನಲ್ಲಿ ಕಾಡಿಗೆ ಬೆಂಕಿ ಬಿದ್ದರೆ ಹಸಿ ಟೊಂಗೆ ಮುರಿದು ಬಡಿಯುವವ ಅವನೇ. ಮಳೆಗಾಲದಲ್ಲಿ ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳ ಕಿತ್ತುಕೊಳ್ಳುತ್ತ ಕಾಡು ಸುತ್ತುವವನೂ ಅವನೇ. ಕೂಲಿ ಬಂದು ನಾಲ್ಕು ತಿಂಗಳಾಗಿದೆ. ಬಿಲ್ಲು ಯಾವ ಮೇಜಿನ ಮೇಲೆ ಮಲಗಿದೆಯೋ ಅವನಿಗೆ ಗೊತ್ತಿಲ್ಲ.

ಅಷ್ಟರಲ್ಲಿ ಸಂಸ್ಥೆಯ ಹುಡುಗಿಯೊಬ್ಬಳು ನಗುತ್ತ ಬಂದು ಅವನ ಕೈಗೂ ಒಂದು ಫಾರ್ಮು ಕೊಟ್ಟಳು. "ಅಂಕಲ್, ನೀವೂ ಕಾಡಿನ ಗೆಳೆಯರಾಗಿ."

ಅವನು ಕವಳ ಉಗಿದು ಬಂದು ನನ್ನ ಪಕ್ಕ ಕೂತ. "ಹೆಗಡೇರೇ, ಸ್ವಲ್ಪ ಓದಿ ಹೇಳಿ."

ಓದಿದೆ. ಕಾಡಿನಲ್ಲಿ ಓಡಾಡಿದ ಅನುಭವ ಇದೆಯೇ? ಹಾವು ಕಂಡರೆ ಭಯವೇ? ರಕ್ತದ ಗುಂಪು ಯಾವುದು? ಕೊನೆಗೆ ಒಂದು ಚೌಕ, ಅದರ ಮುಂದೆ ಸಾಲು: "ನಾನು ಯಾವುದೇ ಸಂಬಳವನ್ನು ನಿರೀಕ್ಷಿಸುವುದಿಲ್ಲ."

"ಪೆನ್ನು ಕೊಡಿ ಇಲ್ಲಿ" ಅಂದ. ಉಳಿದದ್ದೆಲ್ಲ ಖಾಲಿ ಬಿಟ್ಟು ಆ ಚೌಕಕ್ಕೆ ದೊಡ್ಡದಾಗಿ ಗುರುತು ಹಾಕಿದ. "ಅದನ್ನು ಬಿಟ್ಟು ಆಗಲೇ ನಾಲ್ಕು ತಿಂಗಳಾಯ್ತು."