ನಂದಿಯಿಂದ ಲೌಟೋಕಕ್ಕೆ, ಕಬ್ಬಿನ ನಡುವೆ

ಫಿಜಿಯ ಮುಖ್ಯ ದ್ವೀಪ ವಿಟಿ ಲೆವುವಿನ ಪಶ್ಚಿಮದಲ್ಲಿ ವಿಮಾನ ನಿಲ್ದಾಣವಿರುವ ಪಟ್ಟಣದ ಹೆಸರನ್ನು ನಕಾಶೆಯಲ್ಲಿ ನೋಡಿದವರು ‘ನಾಡಿ’ ಎಂದೇ ಓದುತ್ತಾರೆ; ಅಲ್ಲಿನವರ ಬಾಯಲ್ಲಿ ಅದು ‘ನಂದಿ’. ಅವರ ಭಾಷೆಯಲ್ಲಿ ‘ಡ’ಕಾರದ ಹಿಂದೆ ಅನುನಾಸಿಕವೊಂದು ತಾನಾಗಿ ಸೇರಿಕೊಳ್ಳುತ್ತದೆ. ಶಿವನ ವಾಹನಕ್ಕೂ ಈ ಊರಿಗೂ ಸಂಬಂಧವಿಲ್ಲ, ಆದರೆ ಮುಖ್ಯ ಬೀದಿಯ ತುದಿಯಲ್ಲಿ ಶಿವನ ಮಗ ಸುಬ್ರಹ್ಮಣ್ಯನ ಬಣ್ಣದ ಗೋಪುರ ನಿಂತಿದೆ. ಈಗಿನ ದೇವಾಲಯ 1994ರದು. ಅದನ್ನು ನಡೆಸುವ ದಕ್ಷಿಣ ಭಾರತೀಯರ ಸಂಗಮ 1926ರಲ್ಲಿ ಹುಟ್ಟಿದ್ದು.

ಒಂದು ದಿನದ ಪ್ರವಾಸಕ್ಕೆ ಹಣ ಕಟ್ಟಿದ್ದೆ. ಬೆಳಿಗ್ಗೆ ದೇವಾಲಯ, ಬಳಿಕ ಸೀತಾಳೆ ಹೂಗಳ ತೋಟ, ಸಂಬೆತೊ ಕಣಿವೆಯ ಬಿಸಿ ಕೆಸರಿನ ಸ್ನಾನ, ಒಂದು ಹಳ್ಳಿಯಲ್ಲಿ ತೆಂಗಿನ ಚಿಪ್ಪಿನಲ್ಲಿ ಕೊಡುವ ಕಾವಾ ಎಂಬ ಬೇರಿನ ಪಾನೀಯ, ಸಂಜೆ ಲೌಟೋಕದ ಮಾರುಕಟ್ಟೆ. ಕೆಸರಿನ ಬಗ್ಗೆ ಹೇಳುವಂಥದ್ದೇನಿಲ್ಲ. ಕಾವಾ ಕುಡಿದ ಮೇಲೆ ನಾಲಿಗೆ ಸ್ವಲ್ಪ ಹೊತ್ತು ಜೋಮು ಹಿಡಿದಿತ್ತು, ಅಷ್ಟೇ.

ನನ್ನ ಕಣ್ಣು ಹೋದದ್ದು ಈ ತಾಣಗಳ ನಡುವಿನ ದಾರಿಯ ಮೇಲೆ. ಮಂಡ್ಯದ ಕಡೆ ಹುಟ್ಟಿ ಬೆಳೆದವನಿಗೆ ರಸ್ತೆಯ ಎರಡೂ ಬದಿಗೆ ಕಬ್ಬು ಕಂಡರೆ ಬೇರೆಡೆ ನೋಡಲು ಮನಸ್ಸು ಬಾರದು. ಗದ್ದೆಗಳ ಅಂಚಿನಲ್ಲಿ ಎರಡಡಿ ಅಗಲದ ಪುಟ್ಟ ರೈಲು ಹಳಿ ನಮ್ಮ ಜೊತೆಗೇ ಬರುತ್ತಿತ್ತು; ಕಡಿದ ಕಬ್ಬನ್ನು ಕಾರ್ಖಾನೆಗೆ ಸಾಗಿಸಲು ಹಾಕಿದ ಹಳಿಯದು. ಲೌಟೋಕದ ಕಾರ್ಖಾನೆ 1903ರಲ್ಲಿ ಅರೆಯಲಾರಂಭಿಸಿತು, ಅಂದರೆ ನಮ್ಮ ಮಂಡ್ಯದ ಕಾರ್ಖಾನೆಗಿಂತ ಮೂರು ದಶಕ ಹಿಂದೆ.

ಆ ಕಬ್ಬನ್ನು ಬೆಳೆಯಲು ಜನ ಎಲ್ಲಿಂದ ಬಂದರೆಂಬುದನ್ನು ಪ್ರವಾಸದ ಕರಪತ್ರ ಹೇಳುವುದಿಲ್ಲ. 1874ರಲ್ಲಿ ಫಿಜಿ ಬ್ರಿಟಿಷರ ಕೈಸೇರಿದ ಬಳಿಕ ಬಂದ ಗವರ್ನರ್ ಆರ್ಥರ್ ಗಾರ್ಡನ್ ಮೂಲನಿವಾಸಿಗಳ ಭೂಮಿ ಮಾರಾಟವಾಗದಂತೆ, ಅವರು ತೋಟಗಳ ಕೂಲಿಗಳಾಗದಂತೆ ತಡೆದ. ಟ್ರಿನಿಡಾಡ್ ಮತ್ತು ಮಾರಿಷಸ್‌ಗಳಲ್ಲಿ ಆಳ್ವಿಕೆ ನಡೆಸಿ ಬಂದವನಾದ್ದರಿಂದ, ಕೂಲಿಗಳನ್ನು ಭಾರತದಿಂದ ತರಿಸುವ ದಾರಿ ಅವನಿಗೆ ಚೆನ್ನಾಗಿ ಗೊತ್ತಿತ್ತು. 1879ರ ಮೇ 14ರಂದು ‘ಲಿಯೊನಿಡಾಸ್’ ಹಡಗು ಮೊದಲ ತಂಡವನ್ನು ತಂದಿತು. 1916ರ ವೇಳೆಗೆ ಅರುವತ್ತು ಸಾವಿರಕ್ಕೂ ಹೆಚ್ಚು ಮಂದಿ ಬಂದಿಳಿದಿದ್ದರು. 1903ರಿಂದ ಮದರಾಸಿನ ಬಂದರಿನಿಂದಲೂ ಹಡಗುಗಳು ಹೊರಟವು. ‘ಅಗ್ರಿಮೆಂಟ್’ ಎಂಬ ಮಾತು ಅವರ ನಾಲಿಗೆಯಲ್ಲಿ ‘ಗಿರ್‌ಮಿಟ್’ ಆಯಿತು. ಐದು ವರ್ಷದ ದುಡಿಮೆ, ಗಂಡಸಿಗೆ ದಿನಕ್ಕೆ ಒಂದು ಶಿಲಿಂಗ್, ಹೆಂಗಸಿಗೆ ಒಂಬತ್ತು ಪೆನ್ಸ್, ಅದೂ ಒಪ್ಪಿಸಿದ ಕೆಲಸ ಮುಗಿದರೆ ಮಾತ್ರ. ಹತ್ತಡಿ ಉದ್ದ ಏಳಡಿ ಅಗಲದ ಒಂದು ಕೋಣೆಯಲ್ಲಿ ಮೂವರು. ಊರಿಗೆ ಮರಳುವ ಹಡಗಿನ ಖರ್ಚು ಸರಕಾರದಿಂದ ಸಿಗಬೇಕಾದರೆ ಹತ್ತು ವರ್ಷ ಕಾಯಬೇಕಿತ್ತು. ಬಹುಪಾಲು ಜನ ಅಲ್ಲಿಯೇ ಉಳಿದರು.

ನಮ್ಮ ಚಾಲಕ ಅಂಥವರ ನಾಲ್ಕನೆಯ ತಲೆಮಾರು. ‘ಭೈಯಾ, ನಿಮ್ಮ ಊರಿನಲ್ಲಿ ಕಬ್ಬು ಬೆಳೆಯುವ ನೆಲ ಯಾರದು?’ ಎಂದು ಭೋಜಪುರಿಯ ವಾಸನೆಯುಳ್ಳ ತನ್ನ ಹಿಂದಿಯಲ್ಲಿ ಕೇಳಿದ. ಬೆಳೆಯುವವರದೇ ಎಂದೆ. ಆತ ನಕ್ಕ. ಫಿಜಿಯ ಬಹುಪಾಲು ಭೂಮಿ ಮೂಲನಿವಾಸಿ ಕುಲಗಳಿಗೆ ಸೇರಿದ್ದು. ಭಾರತೀಯ ರೈತರು ಅದನ್ನು ಗುತ್ತಿಗೆಗೆ ಪಡೆದು ಉಳುತ್ತ ಬಂದವರು. ಮೂವತ್ತು ವರ್ಷಗಳ ಗುತ್ತಿಗೆಗಳು 1997ರಿಂದ ಒಂದೊಂದಾಗಿ ಮುಗಿಯತೊಡಗಿದಾಗ, ನವೀಕರಣ ಸಿಗದ ಅನೇಕರು ನೆಲ ಬಿಟ್ಟು ಎದ್ದರು. ಅವನ ತಂದೆಯೂ ಅವರಲ್ಲೊಬ್ಬರು. ಇದರಲ್ಲಿ ಒಂದು ಕಡೆಯವರನ್ನಷ್ಟೇ ದೂರುವುದು ನನಗೆ ಸರಿಕಾಣುವುದಿಲ್ಲ: ತಮ್ಮ ನೆಲ ತಮ್ಮ ಕೈತಪ್ಪದಂತೆ ನೋಡಿಕೊಂಡ ಕುಲಗಳ ಹಕ್ಕನ್ನು, ನಾಡೆಲ್ಲ ಕಳೆದುಕೊಂಡ ಎಷ್ಟೋ ಮೂಲನಿವಾಸಿಗಳ ಕಥೆ ತಿಳಿದ ಯಾರೂ ಹಗುರವಾಗಿ ಕಾಣಲಾರರು. ಒಂದೇ ಹೊಲದಲ್ಲಿ ಮೂವತ್ತು ವರ್ಷ ಬೆವರು ಸುರಿಸಿದವನು ಎದ್ದುಹೋಗುವ ನೋವೂ ಅಷ್ಟೇ ನಿಜ.

ಮೇ 14ನ್ನು ಗಿರ್‌ಮಿಟ್ ದಿನವೆಂದು ಸಾರಿ 2023ರಿಂದ ಸರಕಾರವೇ ರಜೆ ಕೊಡುತ್ತಿದೆ. ಪ್ರವಾಸ ನಡೆಸುವವರು ಮಾತ್ರ ಇನ್ನೂ ಕಬ್ಬಿನ ಗದ್ದೆಯನ್ನು ಎರಡು ತಾಣಗಳ ನಡುವಿನ ಖಾಲಿ ಜಾಗವೆಂದೇ ಎಣಿಸಿದ್ದಾರೆ. ಕೆಸರಿಗೆ ಕೊಟ್ಟ ಒಂದೂವರೆ ಗಂಟೆಯಲ್ಲಿ ಅರ್ಧ ಗಂಟೆಯನ್ನು ಆ ಹಳಿಯ ಬದಿಗೆ ಕೊಟ್ಟಿದ್ದರೆ ಸಾಕಿತ್ತು. ನಾನು ಕೇಳಿಕೊಂಡದ್ದಕ್ಕೆ ಚಾಲಕ ವೇಳಾಪಟ್ಟಿಯಲ್ಲಿಲ್ಲದ ಐದು ನಿಮಿಷ ವ್ಯಾನು ನಿಲ್ಲಿಸಿದ. ಉಳಿದವರು ಇಳಿಯಲಿಲ್ಲ. ಸೋಗೆಯನ್ನು ಮುಟ್ಟಿ ನೋಡಿದೆ. ಅಂಗೈ ಗೀರುವ ಅದರ ಅಂಚು ನಮ್ಮೂರಿನದರಂತೆಯೇ ಇತ್ತು.